ಮೊದಲು ಇಲ್ಲ ಅನ್ನಬೇಕು

ನಮ್ಮ ಬೀಗಿತ್ತಿ ಕಡಲಾಚೆಯ ತಮ್ಮ ದೇಶದಿಂದ ಬಂದು ಈ ಮನೆಗೆ ಕಾಲಿಟ್ಟ ದಿನ ನನಗೆ ಕಲಿಸಿದ ಮೊದಲ ಸ್ಪ್ಯಾನಿಷ್ ಪದ 'ಕೊನ್ಸುವೇಗ್ರಾ'. ತಮ್ಮ ಎದೆ ಮುಟ್ಟಿಕೊಂಡು, ಆಮೇಲೆ ನನ್ನ ಭುಜ ಮುಟ್ಟಿ, ಎರಡು ಸಲ ಹೇಳಿದರು. ಪಕ್ಕದಲ್ಲಿ ತುಂಬು ಹೊಟ್ಟೆ ಹಿಡಿದು ನಿಂತಿದ್ದ ಸೊಸೆ, "ಬೀಗಿತ್ತಿ ಅಂತ ಅರ್ಥ ಅತ್ತೆ" ಎಂದಳು. ನನ್ನ ಅರ್ಧ ಕೋಪ ಅಲ್ಲೇ ಇಳಿಯಿತು. ಹೆಣ್ಣಿನ ತಾಯಿಗೂ ಗಂಡಿನ ತಾಯಿಗೂ ನಡುವಿನ ಈ ಸಂಬಂಧಕ್ಕೆ ಬೇರೆಯಾಗಿಯೇ ಒಂದು ಹೆಸರು ಇಟ್ಟುಕೊಂಡಿರುವ ಜನ ತೀರಾ ಹೊರಗಿನವರಾಗಿರಲಾರರು ಅನ್ನಿಸಿತು.

ಉಳಿದ ಅರ್ಧ ಕೋಪಕ್ಕೆ ಕಾರಣ ನನ್ನ ಕೋಣೆ. ಮನೆಯಲ್ಲಿರುವುದು ಎರಡೇ ಕೋಣೆ. ಒಂದು ಮಗ ಸೊಸೆಯದು, ಇನ್ನೊಂದು ನನ್ನದು. ಬಾಣಂತನಕ್ಕೆ ಬಂದವರನ್ನು ಹಾಲ್‌ನಲ್ಲಿ ಮಲಗಿಸಲಾಗುತ್ತದೆಯೇ? ನನ್ನ ಮಂಚದ ಪಕ್ಕದಲ್ಲೇ ಇನ್ನೊಂದು ಮಂಚ ಬಿತ್ತು. ಆವತ್ತಿನಿಂದ ಬೀರುವಿನ ಒಂದು ಬಾಗಿಲು ತೆರೆಯುವುದು ನಿಂತುಹೋಯಿತು, ನನ್ನ ಒಳ್ಳೆಯ ಸೀರೆಗಳೆಲ್ಲ ಆ ಕಡೆಯೇ ಇದ್ದವು. ಮೇಲೆ ಬೀಗಿತ್ತಿಯ ಗೊರಕೆ ಬೇರೆ. ನಾನು ಕೆಲಸದಲ್ಲಿ ಇದ್ದಷ್ಟು ಕಾಲವೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ನನ್ನ ಕಿವಿ ಸಣ್ಣ ಸದ್ದನ್ನೂ ಬಿಡುವುದಿಲ್ಲ. ಎಲ್ಲೋ ಎರಡು ತಂತಿ ತಾಗಿ ಕರಕರ ಅಂದರೂ ಹಿಡಿದುಬಿಡುತ್ತಿದ್ದೆ, ಇನ್ನು ಪಕ್ಕದ ಮಂಚದ ಗೊರಕೆ ಕೇಳದಿರುತ್ತದೆಯೇ!

ಆ ಕಿವಿಯೇ ಆಮೇಲೆ ಉಪಯೋಗಕ್ಕೆ ಬಂತು. ಪುಸ್ತಕ ಹಿಡಿದು ಕಲಿಯುವ ವಯಸ್ಸು ನಮ್ಮಿಬ್ಬರಿಗೂ ದಾಟಿತ್ತು. ಬೀಗಿತ್ತಿಗೆ ಹಬ್ಬ ಬಂದಾಗ ಮಾತ್ರ ಕಲಿಸುವ ಹುಮ್ಮಸ್ಸು ಬರುತ್ತಿತ್ತು. ನನಗೆ ಬರುವ ಒಂದೊಂದು ಪದಕ್ಕೂ ಹಿಂದೆ ಒಂದು ಹಬ್ಬ ಇದೆ.

ಒಂದರಿಂದ ಹನ್ನೆರಡರವರೆಗೆ ಎಣಿಸಲು ಕಲಿತಿದ್ದು ದ್ರಾಕ್ಷಿಯಿಂದ. ವರ್ಷದ ಕೊನೆಯ ದಿನ, ಗಡಿಯಾರ ಹನ್ನೆರಡು ಹೊಡೆಯುವಾಗ, ಒಂದೊಂದು ಹೊಡೆತಕ್ಕೆ ಒಂದೊಂದು ದ್ರಾಕ್ಷಿ ನುಂಗಬೇಕಂತೆ. 'ಊವಾ' ಅಂದರೆ ದ್ರಾಕ್ಷಿ. ನಾನು 'ಸಿಯೇತೆ', ಅಂದರೆ ಏಳು, ತಲುಪುವ ಹೊತ್ತಿಗೆ ಎರಡೂ ಕೆನ್ನೆ ಊದಿಕೊಂಡು, ಉಳಿದ ಐದು ಕೈಯಲ್ಲೇ ಇದ್ದವು. ಅದು ಮುಗಿಯಿತೋ ಇಲ್ಲವೋ, ಬೀಗಿತ್ತಿ ಬೀರುವಿನ ಮೇಲಿಂದ ತಮ್ಮ ಗಾಲಿಯ ನೀಲಿ ಪೆಟ್ಟಿಗೆ ಇಳಿಸಿ, ಖಾಲಿ ಪೆಟ್ಟಿಗೆಯನ್ನು ಗಡಗಡ ಎಳೆದುಕೊಂಡು ಕಟ್ಟಡದ ಸುತ್ತ ಒಂದು ಸುತ್ತು ಹಾಕಿ ಬಂದರು. ಹಾಗೆ ಮಾಡಿದರೆ ಹೊಸ ವರ್ಷದಲ್ಲಿ ಪ್ರಯಾಣದ ಯೋಗ ಬರುತ್ತದಂತೆ. ಕಾವಲುಗಾರ ಕಳ್ಳಿ ಎಂದುಕೊಂಡು ಹಿಂದೆಯೇ ಓಡಿದ್ದ. 'ಮಲೇತಾ' ಅಂದರೆ ಪೆಟ್ಟಿಗೆ ಎನ್ನುವುದು ಅವನಿಗೂ ಬಾಯಿಪಾಠವಾಯಿತು.

ಜನವರಿ ಮೊದಲ ವಾರ 'ಸಪಾತೊ', ಅಂದರೆ ಬೂಟು, ಬಂತು. ಮೂವರು ರಾಜರು ಬಂದು ಮಕ್ಕಳ ಬೂಟಿನ ಪಕ್ಕ ಉಡುಗೊರೆ ಇಟ್ಟುಹೋಗುತ್ತಾರೆಂದು ರಾತ್ರಿ ಬೂಟು ಹೊರಗಿಡುವ ಪದ್ಧತಿ. ಹುಟ್ಟಿ ಎರಡು ವಾರ ಕಳೆದಿದ್ದ ಮೊಮ್ಮಗಳಿಗೆ ಎಲ್ಲಿಯ ಬೂಟು? ಅದರ ಉಣ್ಣೆಯ ಕಾಲುಚೀಲವನ್ನೇ ಕಿಟಕಿಯಲ್ಲಿಟ್ಟರು. ಮರುದಿನ ಉಂಗುರದ ಹಾಗೆ ದೊಡ್ಡ ಸಿಹಿ ಬ್ರೆಡ್ಡು ಸುಟ್ಟರು. ಮೊದಲ ತುಂಡು ಕಚ್ಚಿದವಳೇ ನಾನು ಕಿರುಚಿಬಿಟ್ಟೆ. ಹಲ್ಲಿಗೆ ಸಿಕ್ಕಿದ್ದು ಪ್ಲಾಸ್ಟಿಕ್ ಗೊಂಬೆ!

"ಅಡುಗೆ ಮಾಡೋವಾಗ ಕಣ್ಣು ಎಲ್ಲಿರುತ್ತೆ ನಿಮ್ಮಮ್ಮಂಗೆ?" ಎಂದು ಸೊಸೆಯ ಮೇಲೆ ಹರಿಹಾಯ್ದೆ.

ತಾಯಿ ಮಗಳು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೊಂಬೆಯನ್ನು ಬೇಕೆಂದೇ ಅಡಗಿಸುತ್ತಾರಂತೆ. ಅದು ಯಾರ ಪಾಲಿಗೆ ಬರುತ್ತದೋ ಅವರು ಮುಂದಿನ ತಿಂಗಳು ಎಲ್ಲರಿಗೂ ಊಟ ಹಾಕಬೇಕು. ಹಲ್ಲೂ ನನ್ನದೇ, ಊಟವೂ ನನ್ನದೇ.

ಇಷ್ಟೆಲ್ಲ ತಮಾಷೆಯೇ. ಆದರೆ ನವೆಂಬರಿನಲ್ಲಿ ಕಲಿತ ಪದಗಳು ತಮಾಷೆಯವಲ್ಲ. ಸತ್ತವರು ಒಂದು ದಿನ ಮನೆಗೆ ಬಂದು ಹೋಗುತ್ತಾರೆ ಎನ್ನುವ ಹಬ್ಬ ಅದು. ಬೀಗಿತ್ತಿ ನಮ್ಮ ಕೋಣೆಯ ಕಿಟಕಿ ಕಟ್ಟೆಯ ಮೇಲೆ ಒಂದು ಬಟ್ಟೆ ಹಾಸಿ ತಮ್ಮ ಗಂಡನ ಫೋಟೊ ಇಟ್ಟರು. 'ವೇಲಾ' ಎಂದು ಮೇಣದಬತ್ತಿ ಹಚ್ಚಿದರು. ನಡೆದು ಬಂದವರಿಗೆ ದಾಹ ಆಗಿರುತ್ತದೆಂದು ಒಂದು ಲೋಟ 'ಆಗ್ವಾ'. ಒಂದು ಚಿಟಿಕೆ 'ಸಾಲ್', ಅಂದರೆ ಉಪ್ಪು. ಆಮೇಲೆ ನನ್ನ ಕಡೆ ತಿರುಗಿ ಕೈ ಚಾಚಿದರು. ಏನು ಬೇಕೆಂದು ತಿಳಿಯದೆ ನಾನು ಕಣ್ಣು ಕಣ್ಣು ಬಿಟ್ಟೆ. ಬಾಗಿಲಲ್ಲಿ ನಿಂತಿದ್ದ ಸೊಸೆ ಮೆಲ್ಲಗೆ, "ಮಾವನವರ ಫೋಟೊ ಕೇಳ್ತಿದಾರೆ ಅತ್ತೆ. ಅವರಿಗೆ ಏನಿಷ್ಟ ಅಂತಾನೂ ಕೇಳ್ತಿದಾರೆ" ಎಂದಳು.

ನನ್ನವರು ಹೋಗಿ ಎಷ್ಟೋ ವರ್ಷವಾಗಿತ್ತು. ಹೇಗೆ ಹೋದರು ಎಂದು ಊರೆಲ್ಲ ಕೇಳಿತ್ತು. ಅವರಿಗೆ ಏನಿಷ್ಟ ಎಂದು ಯಾರೂ ಕೇಳಿರಲಿಲ್ಲ. "ಸಕ್ಕರೆ ಜಾಸ್ತಿ ಹಾಕಿದ ಚಹಾ" ಎಂದು ಹೇಳಿ, ಅವರ ಫೋಟೊ ತಂದುಕೊಟ್ಟೆ. ಬೀಗಿತ್ತಿ ತಾವೇ ಹೋಗಿ ಚಹಾ ಮಾಡಿ ತಂದಿಟ್ಟರು. ಹಬ್ಬ ಮುಗಿದ ಮೇಲೂ ನಾವು ಫೋಟೊಗಳನ್ನು ತೆಗೆಯಲಿಲ್ಲ. ನಮ್ಮಿಬ್ಬರ ಹಾಗೆ ಅವರಿಬ್ಬರೂ ಪಕ್ಕಪಕ್ಕದಲ್ಲೇ ಇರಲಿ ಎಂದು ಬಿಟ್ಟೆವು. ಅಷ್ಟು ಹೊತ್ತಿಗೆ ಆ ಗೊರಕೆ ಇಲ್ಲದೆ ನನಗೆ ನಿದ್ದೆ ಬರುವುದು ನಿಂತಿತ್ತು.

ಡಿಸೆಂಬರಿನಲ್ಲಿ ಒಂದು ಸಂಜೆ ಮಗ ಕನ್ನಡಕದ ಅಂಗಡಿಯಿಂದ ಬೇಗ ಬಂದ. ಬಂದವನು ಅಳತೆಯ ಟೇಪು ಹಿಡಿದು ನಮ್ಮ ಕೋಣೆಯನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದ. ಬೀಗಿತ್ತಿ ಮಂಚದ ಮೇಲೆ ಕೂತು ಮಗುವಿನ ಬಟ್ಟೆ ಮಡಚುತ್ತಿದ್ದರು, ಟೇಪು ಹಾಯಲೆಂದು ಕಾಲು ಮೇಲೆತ್ತಿ ಅನುವು ಮಾಡಿಕೊಟ್ಟರು. ಆಮೇಲೆ ಮಗ ನನ್ನನ್ನು ಬಾಲ್ಕನಿಗೆ ಕರೆದ.

"ಅಮ್ಮ, ಪುಟ್ಟಿ ನಡೆಯೋಕೆ ಶುರು ಮಾಡಿದಾಳೆ. ತೊಟ್ಟಿಲು ಸಾಲಲ್ಲ. ಅವಳ ಮಂಚ ನಿನ್ನ ಕೋಣೇಲೇ ಹಾಕ್ಬೇಕು. ಮೂರು ಮಂಚ ಹಿಡಿಸಲ್ಲ."

"ಅದಕ್ಕೆ?"

ಅವನು ಅಡುಗೆಮನೆಯಲ್ಲಿದ್ದ ಸೊಸೆಯತ್ತ ನೋಡಿ, "ಅವಳ ಅಮ್ಮ ಊರಿಗೆ ಹೋಗ್ಬೇಕಾಗುತ್ತೆ. ಅವರ ತಮ್ಮನ ಮನೆ ಇದೆಯಲ್ಲ ಅಲ್ಲಿ."

ಆ ತಮ್ಮನ ಹೆಂಡತಿಗೂ ಇವರಿಗೂ ಮುಖ ನೋಡಿದರೆ ಆಗದು. ಸ್ವಂತ ಮನೆ ಎಂದು ಅವರಿಗೆ ಏನೂ ಉಳಿದಿಲ್ಲ, ಇದ್ದ ಬಾಡಿಗೆ ಮನೆಯನ್ನೂ ಬಿಟ್ಟು ಬಂದಿದ್ದರು. ಇದೆಲ್ಲ ಮಗನಿಗೆ ಗೊತ್ತು.

"ನಿನ್ನ ಹೆಂಡ್ತಿ ಏನಂತಾಳೆ?"

"ಅಳ್ತಾಳೆ. ಹೇಳೋಕೆ ನಂಗೆ ಬಾಯಿ ಬರಲ್ಲ ಅಂತಾಳೆ. ನೀನೇ ಹೇಳಮ್ಮ. ನಿಂಗೆ ಅವರ ಭಾಷೆ ಬರುತ್ತಲ್ಲ. ಹಬ್ಬದ ಆಟ ಮುಗಿದ ಮೇಲೆ ಹೇಳ್ಬಿಡು, ಟಿಕೆಟ್ ತೆಗೀಬೇಕು."

"ನಂಗೆ ಬರೋದು ದ್ರಾಕ್ಷಿ, ಬೂಟು, ಮೇಣದಬತ್ತಿ ಕಣೋ. ಮನೆ ಬಿಟ್ಟು ಹೋಗಿ ಅನ್ನೋಕೆ ಅದರಲ್ಲಿ ಯಾವುದಿದೆ?"

ಅವನು ಮುಖ ತಗ್ಗಿಸಿದ. ಕೆಟ್ಟವನಲ್ಲ ನನ್ನ ಮಗ. ಲೆಕ್ಕದ ಮನುಷ್ಯ, ಕನ್ನಡಕದ ಗಾಜು ಚೌಕಟ್ಟಿಗೆ ಕೂರದಿದ್ದರೆ ಉಜ್ಜಿ ಸಣ್ಣದು ಮಾಡುವುದೇ ಅವನ ಕಸುಬು. ಆದರೂ ಅವನ ಕೆನ್ನೆಗೆ ಒಂದು ಬಾರಿಸೋಣ ಅನ್ನಿಸಿದ್ದು ಸುಳ್ಳಲ್ಲ.

ಅವನು ಹೇಳಿದ ಹಬ್ಬದ ಆಟ ಕ್ರಿಸ್‌ಮಸ್ಸಿಗೆ ಮುಂಚಿನ ದಿನಗಳಲ್ಲಿ ಆಡುವಂಥದ್ದು. ಹಿಂದಿನ ವರ್ಷ ಆ ಹೊತ್ತಿಗೆ ನಾವೆಲ್ಲ ಹೆರಿಗೆ ಆಸ್ಪತ್ರೆಯಲ್ಲಿದ್ದೆವು, ಹಾಗಾಗಿ ತಪ್ಪಿಹೋಗಿತ್ತು. ಬೀಗಿತ್ತಿ ಅಡುಗೆಮನೆಯಲ್ಲಿ ಚಮಚ ಬೀಸುತ್ತ ನನಗೆ ವಿವರಿಸಿದರು, ಅರ್ಧ ಪದ, ಅರ್ಧ ಅಭಿನಯ. ಬಸುರಿ ಹೆಂಡತಿಯನ್ನು ಕರೆದುಕೊಂಡು ಒಬ್ಬ ಬಡಗಿ ಊರೆಲ್ಲ ಅಲೆದು ಬಾಗಿಲು ತಟ್ಟುತ್ತಾನೆ. ಎಲ್ಲರೂ ಜಾಗ ಇಲ್ಲ ಅನ್ನುತ್ತಾರೆ. ಅದನ್ನೇ ಆಡುವುದು. ಅರ್ಧ ಜನ ಮೇಣದಬತ್ತಿ ಹಿಡಿದು 'ಪುವೆರ್ತಾ' ಅಂದರೆ ಬಾಗಿಲ ಹೊರಗೆ, ಅರ್ಧ ಜನ ಒಳಗೆ. ಹೊರಗಿನವರು ತಂಗಲು ಜಾಗ ಕೇಳುತ್ತಾರೆ. ಒಳಗಿನವರು ಇಲ್ಲ ಅನ್ನುತ್ತಾರೆ. ಮತ್ತೆ ಕೇಳುತ್ತಾರೆ, ಮತ್ತೆ ಇಲ್ಲ. ಮೂರನೆಯ ಸಲ ಬಾಗಿಲು ತೆರೆಯುತ್ತದೆ.

"ನೀವು ಒಳಗೆ" ಎಂದು ನನ್ನತ್ತ ತೋರಿಸಿ ಹೇಳಿಕೊಟ್ಟರು. "ನೋ ಆಯ್ ಲುಗಾರ್."

ಜಾಗ ಇಲ್ಲ. ಮಗ ಹೇಳೆಂದ ಮಾತು, ನನಗೆ ಬಾರದೇ ಇದ್ದ ಮಾತು, ಅದನ್ನು ಅವರೇ ನನ್ನ ನಾಲಿಗೆಯ ಮೇಲೆ ಇಟ್ಟಿದ್ದರು. ನಾಲ್ಕು ಸಲ ಹೇಳಿಕೊಟ್ಟರು. ನಾಲ್ಕು ಸಲವೂ ನನಗೆ ಸ್ವರ ಹೊರಡಲಿಲ್ಲ. ಇಲ್ಲ ಅನ್ನುವುದು ನನಗೆ ಹೊಸದೇ? "ಲೈನ್ ಖಾಲಿ ಇಲ್ಲ, ಕಾಯಿರಿ" ಎಂದು ದಿನವಿಡೀ ಹೇಳಿ ಸಂಬಳ ಎಣಿಸಿದವಳು ನಾನು. ಆದರೆ ಆಗೆಲ್ಲ ಕೇಳುವವರ ಮುಖ ಕಾಣುತ್ತಿರಲಿಲ್ಲ.

ಆಟದ ಸಂಜೆ ಒಳಗೆ ಉಳಿದವರು ನಾನು ಮತ್ತು ನನ್ನ ಮಗ. ಹೊರಗೆ ಬೀಗಿತ್ತಿ, ಮಗುವನ್ನು ಎತ್ತಿಕೊಂಡ ಸೊಸೆ, ಕೆಳಗಿನ ಮನೆಯ ಕ್ಷೌರಿಕ ಮತ್ತು ಅವನ ಹೆಂಡತಿ, ಅವರ ಹಿಂದೆ ಕಟ್ಟಡದ ಮಕ್ಕಳ ಹಿಂಡು. ಬಾಗಿಲು ಹಾಕಿಕೊಂಡ ಕೂಡಲೇ ಮೆಟ್ಟಿಲ ಕಡೆಯ ಪಿಸುಮಾತು ನಿಂತಿತು. ಬೀಗಿತ್ತಿ ತಟ್ಟಿದರು. ಎಳೆದ ರಾಗದಲ್ಲಿ ಜಾಗ ಕೇಳಿದರು. ಕೊನೆಯಲ್ಲಿ ಸ್ವರ ಒಂದಿಷ್ಟು ನಡುಗಿತು. ಬೇರೆಯವರಿಗೆ ಕೇಳಿಸಿತೋ ಇಲ್ಲವೋ, ಈ ಕಿವಿಗೆ ಕೇಳಿಸಿತು.

ಮಗ ನನ್ನ ಬೆನ್ನು ತಿವಿದು, "ಹೇಳಮ್ಮ" ಎಂದ.

"ಹೇಳಲ್ಲ ಹೋಗೋ" ಎಂದು ಚಿಲಕ ತೆಗೆದುಬಿಟ್ಟೆ.

ಹೊರಗೆ ಮಕ್ಕಳೆಲ್ಲ ಹೋ ಎಂದು ಕೂಗಿದರು. ಬೀಗಿತ್ತಿ ಒಂದು ಕೈಯಲ್ಲಿ ಮೇಣದಬತ್ತಿ, ಇನ್ನೊಂದು ಕೈಯಲ್ಲಿ ಆ ನೀಲಿ ಪೆಟ್ಟಿಗೆ ಹಿಡಿದು ನಿಂತಿದ್ದರು. ದಾರಿಹೋಕರ ವೇಷಕ್ಕೆ ಪೆಟ್ಟಿಗೆ ತಂದಿದ್ದಾರೆ ಎಂದುಕೊಂಡು, ಒಳಗೆಳೆಯಲು ಹಿಡಿಗೆ ಕೈ ಹಾಕಿದೆ. ಅದು ಅಲುಗಲಿಲ್ಲ. ಇನ್ನೊಮ್ಮೆ ಎಳೆದೆ. ಕಲ್ಲು ತುಂಬಿದಷ್ಟು ಭಾರ.

ಹೊಸ ವರ್ಷದಂದು ಒಂದೇ ಬೆರಳಲ್ಲಿ ಎಳೆದುಕೊಂಡು ಹೋಗಿದ್ದ ಪೆಟ್ಟಿಗೆ ಅದು. ಈಗ ಅದರಲ್ಲಿ ಅವರ ಸಂಸಾರವೇ ತುಂಬಿತ್ತು. ಅವರಿಗೆ ಎಲ್ಲ ತಿಳಿದಿತ್ತು. ಟೇಪು ಹಿಡಿದು ಕೋಣೆ ಅಳೆಯುವವನನ್ನು ನೋಡಿ ಅರ್ಥ ಮಾಡಿಕೊಳ್ಳಲು ಯಾವ ಭಾಷೆ ಬೇಕು! ಯಾರ ಬಾಯಿಂದಲೂ ಆ ಮಾತು ಬರುವ ಕಷ್ಟ ಬೇಡವೆಂದು ತಾವೇ ಗಂಟುಮೂಟೆ ಕಟ್ಟಿಟ್ಟುಕೊಂಡು, ನನಗೆ ಆಟದ ನೆಪದಲ್ಲಿ ಹೇಳಲು ಕಲಿಸಿದ್ದರು.

ಅವರು ತಲೆಯಾಡಿಸಿದರು. ಮಕ್ಕಳಿಗೆ ತಪ್ಪು ತಿದ್ದುವ ದನಿಯಲ್ಲಿ, "ನೋ, ನೋ, ಕೊನ್ಸುವೇಗ್ರಾ. ಪ್ರಿಮೇರೊ ನೋ" ಎಂದರು. ಮೊದಲು ಇಲ್ಲ ಅನ್ನಬೇಕು. ಮತ್ತೆ ತಾವೇ ಬಾಗಿಲು ಎಳೆದುಕೊಳ್ಳಲು ಬಂದರು.

ನನಗೆ ಎಲ್ಲಿತ್ತೋ ಸಿಟ್ಟು. "ಮೊದಲು ಪೆಟ್ಟಿಗೆ!" ಎಂದು ಕಿರುಚಿದೆ. "ಮಲೇತಾ! ಮಲೇತಾ ಒಳಗೆ!"

ಅವರು ಹಿಡಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಹೊಸ್ತಿಲ ಮೇಲೆ ಇಬ್ಬರು ಮುದುಕಿಯರು ಜಗ್ಗಾಡುವುದನ್ನು ನೋಡಿ ಮಕ್ಕಳು ಇದೂ ಆಟದಲ್ಲೇ ಇದೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಸೊಸೆ ಮಾತ್ರ ಮಗುವಿನ ಭುಜದಲ್ಲಿ ಮುಖ ಹುದುಗಿಸಿಕೊಂಡಿದ್ದಳು. ಕೊನೆಗೆ ಬೀಗಿತ್ತಿಯ ಬೆರಳು ಸಡಿಲವಾಯಿತು. ನಾನು ಪೆಟ್ಟಿಗೆಯನ್ನು ಗಡಗಡ ಎಳೆದುಕೊಂಡು ಹೋಗಿ ನಮ್ಮ ಕೋಣೆಯಲ್ಲಿ, ಅವರ ಮಂಚದ ಕೆಳಕ್ಕೆ ಕಾಲಿಂದ ನೂಕಿ ಬಂದೆ.

ಮಗ ಹಾಲ್ ನಡುವೆ ಬೆಪ್ಪಾಗಿ ನಿಂತಿದ್ದ. "ನಾಳೆ ಬೀರು ಹಾಲ್‌ಗೆ ಬರುತ್ತೆ" ಎಂದೆ ಅವನಿಗೆ. "ಅದು ಇದ್ದ ಜಾಗದಲ್ಲಿ ಪುಟ್ಟಿ ಮಂಚ. ಈಗ ಹೋಗಿ ಅದನ್ನ ಅಳೆ, ಹಿಡಿಸುತ್ತೋ ಇಲ್ವೋ ನೋಡೋಣ."

ಅವನು ಅಳೆಯಲು ಹೋಗಲಿಲ್ಲ.

ನಾನು ಬಾಗಿಲು ಹಾಕಿದೆ. ಬೀಗಿತ್ತಿ ಮತ್ತೆ ತಟ್ಟಿ ಜಾಗ ಕೇಳಿದರು. ಪೆಟ್ಟಿಗೆ ಒಳಗೆ ಸೇರಿದ ಮೇಲೆ ನನಗೇನು ಭಯ? ಎಕ್ಸ್‌ಚೇಂಜಿನ ಹಳೆಯ ದನಿ ತೆಗೆದು, ಮೂಗಿನಿಂದ, "ನೋ ಆಯ್ ಲುಗಾರ್!" ಎಂದೆ. ಹೊರಗೆ ನಗೆ ಎದ್ದಿತು. ಮತ್ತೆ ಕೇಳಿದರು. "ನೋ ಆಯ್ ಲುಗಾರ್! ಕಾಯಿರಿ!" ಎಂದೆ. ಬೀಗಿತ್ತಿ ಅಳುತ್ತಲೂ ಇದ್ದರು, ನಗುತ್ತಲೂ ಇದ್ದರು, ಕದದ ಆಚೆಯಿಂದ ಎರಡೂ ಕೇಳಿಸುತ್ತಿತ್ತು.

ಮೂರನೆಯ ಸಲ ತಟ್ಟಿದಾಗ ನಾನು ಚಿಲಕಕ್ಕೆ ಕೈ ಚಾಚುವುದರೊಳಗೆ ಮಗ ನನ್ನನ್ನು ಪಕ್ಕಕ್ಕೆ ಸರಿಸಿ ಬಾಗಿಲು ತೆರೆದ. ವರ್ಷವೆಲ್ಲ 'ಅವಳ ಅಮ್ಮ', 'ಅವರು' ಎಂದುಕೊಂಡೇ ದಿನ ದೂಡಿದ್ದವನು, "ಬನ್ನಿ ಅತ್ತೆ, ಒಳಗೆ ಬನ್ನಿ" ಎಂದ. ಅವರಿಗೆ ಆ ಕನ್ನಡ ಅರ್ಥವಾಯಿತೋ ಇಲ್ಲವೋ ನಾನು ಕೇಳಲಿಲ್ಲ. ಮೇಣದಬತ್ತಿಯನ್ನು ಅವನ ಕೈಗೆ ಕೊಟ್ಟು ಒಳಗೆ ಬಂದರು.

ಮಕ್ಕಳು ತಿಂಡಿಗೆ ಮುಗಿಬಿದ್ದರು. ಬೀಗಿತ್ತಿ ಅತ್ತ ಹೋಗದೆ ನೇರ ನಮ್ಮ ಕೋಣೆಗೆ ನಡೆದರು. ನಾನು ಹಿಂದೆಯೇ ಹೋದೆ. ಕಿಟಕಿ ಕಟ್ಟೆಯ ಮೇಲೆ ನನ್ನವರ ಫೋಟೊ ಒಂದೇ ಇತ್ತು, ಬೆಳಿಗ್ಗೆಯಿಂದ ನಾನು ಗಮನಿಸಿಯೇ ಇರಲಿಲ್ಲ. ಬೀಗಿತ್ತಿ ಮಂಡಿಯೂರಿ ಪೆಟ್ಟಿಗೆಯನ್ನು ಹೊರಗೆಳೆದರು, ಬಟ್ಟೆಗಳ ನಡುವಿನಿಂದ ತಮ್ಮ ಗಂಡನ ಫೋಟೊ ತೆಗೆದು, ನನ್ನ ಸೀರೆಯ ಸೆರಗನ್ನೇ ಎಳೆದು ಒರೆಸಿ, ನನ್ನವರ ಪಕ್ಕದಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟರು.