ಗುಂಡಿ ಯಜಮಾನರ ಮೂರಂತಸ್ತು

ಎದುರಾದವರ ಮುಖಕ್ಕಿಂತ ಮೊದಲು ಅವರ ಅಂಗಿಯ ಗುಂಡಿಗಳನ್ನು ನೋಡುವುದು ಗುಂಡಿ ಯಜಮಾನರ ಅಭ್ಯಾಸ. ಒಂದು ಉದುರಿದ್ದರೆ ಮುಗಿಯಿತು; ಆಸಾಮಿ ನ್ಯಾಯಾಧೀಶರೇ ಆಗಿರಲಿ, ನಡುಬೀದಿಯಲ್ಲಿ ನಿಲ್ಲಿಸಿ, ಜೇಬಿನಿಂದ ಸೂಜಿದಾರ ತೆಗೆದು, "ಅಲ್ಲಾಡಬೇಡಿ, ಚುಚ್ಚಿಬಿಟ್ಟೀತು" ಎನ್ನುತ್ತ ಹೊಲಿದೇ ಕಳಿಸುತ್ತಿದ್ದರು.

ಪೇಟೆಯ ಮುಖ್ಯಬೀದಿಯ ತಿರುವಿನಲ್ಲಿ ಗಂಭೀರವಾಗಿ ನಿಂತಿರುವ ಮೂರಂತಸ್ತಿನ ಕಲ್ಲುಕಟ್ಟಡ ಅವರು ಕಟ್ಟಿಸಿದ್ದು. ಅದು ಏಳುವ ಮೊದಲು ಅದೇ ತಿರುವಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಒಂದೇ ಕೊಡೆಯಡಿ ಕೂರುತ್ತಿದ್ದರು. ಅಣ್ಣ ಹೊಲಿಗೆಯಂತ್ರ ತುಳಿಯುತ್ತಿದ್ದ, ತಮ್ಮ ತಟ್ಟೆಯಲ್ಲಿ ಗುಂಡಿ ಹರಡಿಕೊಂಡು ಮಾರುತ್ತಿದ್ದ. ಗುಂಡಿ ಕೈಹಿಡಿಯಿತು, ತಮ್ಮ 'ಗುಂಡಿ ಯಜಮಾನ'ನಾದ, ಕಟ್ಟಡ ಎದ್ದಿತು. ಉದ್ಘಾಟನೆಯ ದಿನ ಗಣ್ಯರೊಬ್ಬರು, ಕೊರಳಲ್ಲಿ ಟೇಪು ತೂಗಿಸಿಕೊಂಡು ಮೆಟ್ಟಿಲ ಬಳಿ ನಿಂತಿದ್ದ ಅಣ್ಣನತ್ತ ಕಣ್ಣು ಹಾಯಿಸಿ, ಯಾರೆಂದು ವಿಚಾರಿಸಿದರು. ಸಂಕೋಚವೋ ಮದವೋ, ಯಜಮಾನರ ಬಾಯಿಂದ ಬಂದೇಬಿಟ್ಟಿತು: "ಅವರಾ? ನಮ್ಮಂಗಡಿ ಟೈಲರು."

ಅಣ್ಣ ಕೇಳಿಸಿಕೊಂಡ. ಹಿಡಿದಿದ್ದ ಅಂಗಿಯ ಕೊನೆಯ ಕಾಜಾ ಮುಗಿಸಿ, ಯಂತ್ರವನ್ನು ಗಾಡಿಗೇರಿಸಿ, ಬೇರೆ ಊರಿಗೆ ಹೊರಟುಹೋದ.

ಆಮೇಲೆ ಇಪ್ಪತ್ತಾರು ವರ್ಷ, ಎರಡನೆಯ ಅಂತಸ್ತಿನಲ್ಲಿ ಧಾರಾಳ ಬೆಳಕು ಬೀಳುವ ಮೂಲೆಕೋಣೆ ಯಾರಿಗೂ ಸಿಗಲಿಲ್ಲ. ಪಕ್ಕದ ಹಲ್ಲಿನ ಡಾಕ್ಟರು, "ಸುಮ್ನೆ ಖಾಲಿ ಬಿದ್ದಿದೆಯಲ್ಲ ಯಜಮಾನ್ರೇ, ನಂಗೆ ಕೊಡಿ" ಎಂದರೆ, "ಖಾಲಿ ಎಲ್ಲಿದೆ ಡಾಕ್ಟ್ರೇ? ನಮ್ಮಣ್ಣ ಬರೋನಿದ್ದಾನೆ" ಎನ್ನುತ್ತಿದ್ದರು. ದಿನವೂ ಎಡಗಾಲನ್ನು ತುಸು ಎಳೆಯುತ್ತ ಮೆಟ್ಟಿಲೇರಿ, ಕಿಟಕಿ ತೆರೆದು, ಯಾರೂ ಕೂರದ ಸ್ಟೂಲಿನ ಧೂಳೊರೆಸಿ, ಬೀದಿಯನ್ನೊಮ್ಮೆ ಉದ್ದಕ್ಕೂ ನೋಡಿ ಇಳಿಯುತ್ತಿದ್ದರು.

ಕೊನೆಗೊಮ್ಮೆ ತಾವೇ ಅಣ್ಣನ ಊರಿಗೆ ಹೋದರು. ಕಿರಿದಾದ ಅಂಗಡಿಯಲ್ಲಿ ತಲೆ ನೆರೆತ ಅಣ್ಣ ಎದ್ದು ಟೇಪು ಹಿಡಿದ.

"ಅಣ್ಣಾ, ನನ್ನ ಬಾಯಿಗಿಷ್ಟು ಬೆಂಕಿ ಬೀಳ್ಲಿ. ಮನೆಗೆ ಬಾ."

"ಕೈ ಎತ್ತು" ಎಂದ ಅಣ್ಣ. ಅಳೆದು, ಟೇಪು ಸುತ್ತಿಕೊಳ್ಳುತ್ತ, "ಹೆಗಲು ಇಳಿದುಹೋಗಿದೆಯಲ್ಲೋ. ಸರಿಯಾಗಿ ಊಟ ಮಾಡ್ತೀಯೋ ಇಲ್ವೋ?"

ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲವೆಂದೂ ಅನ್ನಲಿಲ್ಲ. ತಿಂಗಳಲ್ಲಿ ಪಾರ್ಸೆಲಿನಲ್ಲಿ ಒಂದು ಕಂದು ಕೋಟು ಬಂತು. ಮರುವರ್ಷ ಅಣ್ಣ ತೀರಿಕೊಂಡ ಸುದ್ದಿ ಬಂತು. ಯಜಮಾನರು ಆ ಕೋಟನ್ನು ಸುಡುಬೇಸಿಗೆಯಲ್ಲೂ ಬಿಚ್ಚಲಿಲ್ಲ.

ಕೋಣೆಯನ್ನು ಹೊಲಿಗೆ ಬಲ್ಲ ಹೆಂಗಸೊಬ್ಬರಿಗೆ ಕೊಟ್ಟರು. ಮಧ್ಯಾಹ್ನಗಳಲ್ಲಿ ಹೊರಗಿನ ಮೆಟ್ಟಿಲ ಮೇಲೆ ಕಣ್ಣುಮುಚ್ಚಿ ಕೂರುತ್ತಿದ್ದರು. ಆಕೆ, "ಒಳಗೆ ಬನ್ನಿ ಯಜಮಾನ್ರೇ" ಎಂದರೆ, "ಬೇಡಮ್ಮ, ನೀನು ಮಷೀನು ತುಳೀತಿರು" ಎನ್ನುತ್ತಿದ್ದರು.

ಪೇಟೆಗಳನ್ನು ಕಟ್ಟಿದವರಲ್ಲಿ ಇಂಥವರು ಎಷ್ಟು ಮಂದಿಯೋ. ತಮ್ಮವನೆಂದು ಹೇಳಬೇಕಾದ ಒಂದೇ ಒಂದು ಗಳಿಗೆಯಲ್ಲಿ ನಾಲಗೆ ತಪ್ಪುತ್ತದೆ. ಉಳಿದ ಆಯುಷ್ಯವೆಲ್ಲ ಕಾಯುವುದರಲ್ಲಿ ಸವೆಯುತ್ತದೆ. ಅವರ ಹೆಸರು ಕಟ್ಟಡದ ನೆತ್ತಿಯ ಮೇಲೆ ಕಲ್ಲಿನಲ್ಲಿ ಉಳಿಯುತ್ತದೆ; ಅವರು ಕೂಗಿ ಕರೆಯಬೇಕೆಂದಿದ್ದ ಹೆಸರು ಅವರೊಂದಿಗೇ ಹೋಗುತ್ತದೆ.