ಕದಲದವರ ಉಗಿಮನೆ

ರೈಲಿ ಮಾಡಿದ ಸೌನಾ ಒಲೆಯ ಪ್ಯಾನೆಲ್‌ನಂಥದ್ದು ಇಡೀ ಫಿನ್‌ಲ್ಯಾಂಡಿನಲ್ಲಿ ಇನ್ನೊಂದಿರಲಿಲ್ಲ. ಫಿನ್‌ಲ್ಯಾಂಡಿನಲ್ಲಿ ಇಲ್ಲ ಅಂದಮೇಲೆ ಭೂಮಿಯ ಮೇಲೆಲ್ಲೂ ಇಲ್ಲ ಅಂತಲೇ ಲೆಕ್ಕ. ಸೌನಾದ, ಅಂದರೆ ಕೂತು ಬೆವರಿಳಿಸುವ ಬಿಸಿ ಉಗಿಮನೆಯ, ವಿಷಯದಲ್ಲಿ ನಮ್ಮನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಅವರೂ ಸೌನಾದ ಒಳಗೇ ಹುಟ್ಟಿರಬೇಕು.

ಹಳೆಯ ಪ್ಯಾನೆಲ್ ನೋಡಿದರೆ ವಿಮಾನ ಹಾರಿಸುವವನಿಗೂ ತಲೆ ತಿರುಗುತ್ತಿತ್ತು, ಅಷ್ಟು ಗುಂಡಿಗಳು. ಒಂದರ ಮೇಲೆ ಹಿಮದ ಹರಳಿನ ಚಿತ್ರವಿತ್ತು. ಅದನ್ನು ಒತ್ತಿದರೆ ಒಲೆ ಕಾಯುತ್ತಿತ್ತು. ರೈಲಿ ಎಲ್ಲವನ್ನೂ ಕಿತ್ತೊಗೆದು ಒಂದೇ ಒಂದು ಗುಂಡಿ ಉಳಿಸಿದಳು. ಉಣ್ಣೆಯ ಕೈಗವಸು ಹಾಕಿಕೊಂಡ ಕರಡಿಯೂ ತಿರುಗಿಸಬಹುದಾದ ದಪ್ಪನೆಯ ಗುಂಡಿ. ಮೇಲೊಂದು ಕಣ್ಣು. ಒಳಗೆ ಯಾರಾದರೂ ಅಲುಗಾಡುತ್ತಿದ್ದರೆ ಅದಕ್ಕೆ ಗೊತ್ತಾಗುತ್ತದೆ. ಅಲುಗಾಟ ನಿಂತರೆ ಜನ ಎದ್ದು ಹೋದರು ಎಂದುಕೊಂಡು ಒಲೆಯನ್ನೂ ದೀಪವನ್ನೂ ತಾನೇ ಆರಿಸಿಬಿಡುತ್ತದೆ.

ಹಾಗೆ ಆರಿಸದೆ ಗತಿಯಿರಲಿಲ್ಲ. ತಾಂಪೆರೆ ನಗರದ ಒಂದು ವಸತಿ ಕಟ್ಟಡದ ನೆಲಮಾಳಿಗೆಯಲ್ಲಿದ್ದ ಸೌನಾ ಕರೆಂಟು ಹೀರುವ ರಭಸಕ್ಕೆ ಬೀದಿದೀಪಗಳೇ ಕಣ್ಣು ಮಿಟುಕಿಸುತ್ತಿದ್ದವು. ನಿವಾಸಿಗಳ ಸಂಘದ ಅಧ್ಯಕ್ಷೆ ಕೆರ್ಟ್ಟು ಕಡ್ಡಿ ಮುರಿದಂತೆ ಹೇಳಿದ್ದಳು: ವಸಂತದ ಸಭೆಯ ಹೊತ್ತಿಗೆ ಬಿಲ್ಲು ಇಳಿಯಬೇಕು, ಇಳಿಯದಿದ್ದರೆ ಸೌನಾಕ್ಕೆ ಬೀಗ, ಅಲ್ಲಿ ಸೈಕಲ್ಲುಗಳು. ಅದೇ ಕಟ್ಟಡದ ಮೇಲಿನ ಅಂತಸ್ತಿನಲ್ಲಿದ್ದ ರೈಲಿ ಈ ಚಳಿಗಾಲ ತನಗೆ ಬಿಟ್ಟುಕೊಡಿ ಎಂದು ಕೇಳಿ, ತನ್ನ ಪ್ಯಾನೆಲ್ ತಂದು ಕೂರಿಸಿದ್ದಳು.

ಪರೀಕ್ಷೆ ನಡೆದದ್ದು ಹೆಂಗಸರ ಸರದಿಯಲ್ಲಿ. ಆ ಕಟ್ಟಡದ ಹೆಂಗಸರು ಬೆಂಚಿನ ಮೇಲೆ ಕೂತು ಕೈಯಾಡಿಸುತ್ತ ಮಾತಿಗಿಳಿದರೆಂದರೆ ಗಾಳಿಗಿರಣಿಗಳು ನಾಚಿ ನಿಂತುಬಿಡಬೇಕು. ಕಣ್ಣು ಒಂದು ಕ್ಷಣವೂ ರೆಪ್ಪೆ ಮುಚ್ಚಲಿಲ್ಲ. ಬಿಲ್ಲು ಮಾತ್ರ ಬಾವಿಗೆ ಬಿದ್ದ ಕೊಡದಂತೆ ಇಳಿಯಿತು.

"ನೀನು ಸಾಮಾನ್ಯದವಳಲ್ಲ ಕಣೇ," ಎಂದಳು ಕೆರ್ಟ್ಟು, ಮೆಟ್ಟಿಲಲ್ಲಿ ಸಿಕ್ಕಾಗ. "ಬೇರೆ ಯಾರದೋ ಮನೆ ಬಿಲ್ಲು ನಮ್ಗೆ ಬಂದಿದೆ ಅಂದ್ಕೊಂಡೆ."

"ಹಾಗಾದ್ರೆ ಸೌನಾ ಉಳೀತಾ?"

"ಹೀಗೇ ಇದ್ರೆ ಉಳೀತು. ನನ್ನ ಸೈಕಲ್ಲು ಹಿಮದಲ್ಲಿ ತುಕ್ಕು ಹಿಡೀಲಿ ಬಿಡು."

ರೈಲಿಯ ಕಾಲು ಆ ವಾರವೆಲ್ಲ ನೆಲಕ್ಕೆ ತಾಕಲಿಲ್ಲ. ಶನಿವಾರ ಮಧ್ಯಾಹ್ನ ತಾಕಿತು. ಗಂಡಸರ ಸರದಿ ಮುಗಿಸಿಕೊಂಡು ಕೆಳಗಿನ ಮನೆಯ ಮುದುಕ ಉರ್ಪೊ ಮೆಟ್ಟಿಲು ಹತ್ತಿ ಬರುತ್ತಿದ್ದ. ಸೌನಾದಿಂದ ಬಂದವನು ಬೇಯಿಸಿದ ಸಿಗಡಿಯಂತೆ ಕೆಂಪಗೆ ಹೊಗೆಯಾಡುತ್ತಿರಬೇಕು. ಉರ್ಪೊನ ತುಟಿ ನೀಲಿ, ತಲೆಗೆ ಉಣ್ಣೆಯ ಟೋಪಿ, ಕಂಕುಳಲ್ಲಿ ಕಂಬಳಿ.

"ಸೌನಾ ಹೇಗಿತ್ತು?" ಎಂದು ಕೇಳಿದಳು ರೈಲಿ.

ಉರ್ಪೊ ಬಹಳ ಹೊತ್ತು ಯೋಚಿಸಿದ. "ಇತ್ತು," ಅಂದ.

ಮುಂದಿನ ಶನಿವಾರ ಗಂಡಸರು ಒಳಗಿದ್ದಾಗಲೇ ರೈಲಿ ಕೋಟು ತೊಟ್ಟುಕೊಂಡು ಹೋಗಿ ಬಾಗಿಲು ತಟ್ಟಿ, "ಟವೆಲ್ ಸುತ್ಕೊಳ್ಳಿ, ನಾನು ಬರ್ತಿದೀನಿ," ಎಂದು ಕೂಗಿ ಒಳಗೆ ಕಾಲಿಟ್ಟಳು. ಕಾಲಿಟ್ಟದ್ದೇ ತಡ, ಅವಳ ಅಲುಗಾಟಕ್ಕೆ ಕಣ್ಣು ಎಚ್ಚೆತ್ತು ದೀಪ ಹತ್ತಿತು. ಬೆಂಚಿನ ಮೇಲೆ ನಾಲ್ಕು ಜನ ಮುದುಕರು, ಕಂಬಳಿ ಹೊದ್ದು, ಮೊಳೆ ಹೊಡೆದು ಕೂರಿಸಿದ ಹಾಗೆ ಸಾಲಾಗಿ ಕೂತಿದ್ದರು. ಒಲೆಯ ಮೇಲಿನ ಕಲ್ಲುಗಳ ಮೇಲೆ ಮೀನು ಇಟ್ಟಿದ್ದರೆ ವಾರಗಟ್ಟಲೆ ಕೆಡುತ್ತಿರಲಿಲ್ಲ.

"ಬಾಗ್ಲು ಹಾಕು ಹುಡುಗಿ, ಚಳಿ ಬರತ್ತೆ," ಎಂದ ಉರ್ಪೊ.

"ಕತ್ತಲಲ್ಲಿ ಯಾಕ್ ಕೂತಿದೀರಿ?"

"ಹೊಸ ಒಲೆ ಅಲ್ವಾ. ಹೀಗೇ ಇರತ್ತೇನೋ ಅಂದ್ಕೊಂಡ್ವಿ."

"ಯಾವತ್ತಿಂದ ಹೀಗೆ?"

"ನೀನು ಹಾಕಿದ ದಿನದಿಂದ." ಉರ್ಪೊ ಪಕ್ಕದವನ ಕಡೆ ಗದ್ದದಿಂದ ತೋರಿಸಿದ. "ಒಂದ್ಸಲ ಓಯ್ವಾ ಸೀನಿದ, ಆಗ ದೀಪ ಬಂತು. ಎಲ್ರೂ ಬೆಚ್ಚಿಬಿದ್ವಿ."

"ನನಗೊಂದು ಮಾತು ಹೇಳಬಾರ್ದಿತ್ತಾ?"

"ಅಷ್ಟು ಕಷ್ಟಪಟ್ಟು ಮಾಡಿದೀಯ. ನಿನಗೆ ಬೇಜಾರಾಗತ್ತೆ ಅಂತ ಇವರೆಲ್ಲ..." ಎಂದು ಉರ್ಪೊ ನಿಲ್ಲಿಸಿದ. ಒಂದೇ ದಿನಕ್ಕೆ ಇಷ್ಟು ಮಾತಾಡಿದ್ದಕ್ಕೆ ಅವನಿಗೇ ಸುಸ್ತಾಗಿತ್ತು.

ರೈಲಿಗೆ ತಲೆಯ ಮೇಲೆ ತಣ್ಣೀರು ಸುರಿದಂತಾಯಿತು. ಬಿಲ್ಲು ಇಳಿದದ್ದು ಅವಳ ಜಾಣತನದಿಂದಲ್ಲ, ಈ ಮುದುಕರ ಸಂಕೋಚದಿಂದ. ಸರಿಪಡಿಸಿದರೆ ಬಿಲ್ಲು ಏರುತ್ತದೆ, ಸೌನಾಕ್ಕೆ ಬೀಗ ಬೀಳುತ್ತದೆ. ಸುಮ್ಮನಿದ್ದರೆ ಇವರು ವಸಂತದವರೆಗೂ ಮರ್ಯಾದೆಯಿಂದ ಹೆಪ್ಪುಗಟ್ಟುತ್ತಾರೆ.

ಕೆರ್ಟ್ಟುವಿಗೆ ಹೋಗಿ ಹೇಳಿಯೇಬಿಟ್ಟಳು.

"ಅವರೇನೂ ದೂರು ಹೇಳಿಲ್ಲವಲ್ಲ," ಎಂದಳು ಕೆರ್ಟ್ಟು.

"ಸತ್ತರೂ ಹೇಳಲ್ಲ ಅವರು."

"ಹಾಗಾದ್ರೆ ನಿನಗ್ಯಾಕೆ ಉಸಾಬರಿ? ಸೌನಾ ಉಳೀಬೇಕು ಅಂತ ಗೋಗರೆದವಳು ನೀನೇ ಅಲ್ವಾ?"

"ಬಿಸಿ ಇಲ್ದೆ ಇರೋ ಸೌನಾ ಉಳಿಸ್ಕೊಂಡು ಏನ್ಮಾಡ್ಲಿ ಕೆರ್ಟ್ಟು, ಐಸ್‌ಕ್ರೀಮ್ ಇಡ್ಲಾ?"

ಅಂದಿನಿಂದ ಪ್ರತಿ ಶನಿವಾರ ರೈಲಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಸ್ಟೂಲು ಹಾಕಿಕೊಂಡು ಕೂತಳು. ಕಣ್ಣನ್ನು ಆರಿಸಿ, ಒಲೆಯನ್ನು ಹಳೆಯ ಕಾಲದಂತೆ ಕಾಯಲು ಬಿಟ್ಟು, ಬಾಗಿಲಿಗೆ ಕಿವಿ ಕೊಟ್ಟಳು. ಕದಲದ, ಮಾತಾಡದ ಈ ಜನ ಒಳಗಿದ್ದಾರೆ ಎಂದು ತಿಳಿಯುವುದು ಹೇಗೆ? ನೆಲಮಾಳಿಗೆಯ ಇಲಿಗಳು ಅವರಿಗಿಂತ ಹೆಚ್ಚು ಹರಟುತ್ತಿದ್ದವು. ಆದರೆ ಆಗಾಗ, ಬಹಳ ಹೊತ್ತಿಗೊಮ್ಮೆ, ಒಂದು ಸದ್ದು: ಸುಯ್ಯ್. ಉರ್ಪೊ ಸೌಟಿನಲ್ಲಿ ನೀರೆತ್ತಿ ಕಲ್ಲಿನ ಮೇಲೆ ಸುರಿದದ್ದು. ಬಾಗಿಲ ಸಂದಿನಿಂದ ಬಿಸಿ ಹಬೆ ಬಂದು ಅವಳ ಕೆನ್ನೆ ಸವರಿತು. ಫಿನ್‌ಲ್ಯಾಂಡಿನವನು ಹೆಂಡತಿಯ ಮುಂದೆ ಮಾತು ಬಿಟ್ಟಾನು, ಹಬೆ ಎಬ್ಬಿಸುವುದನ್ನು ಬಿಡಲಾರ. ಸಪ್ಪಳವಿಲ್ಲದಿದ್ದರೇನು, ಹಬೆ ಎದ್ದಲ್ಲಿ ಮನುಷ್ಯನಿದ್ದಾನೆ.

ರೈಲಿ ಕಣ್ಣು ಕಿತ್ತು ಅದರ ಜಾಗದಲ್ಲಿ ಮೂಗು ಕೂರಿಸಿದಳು. ಹಬೆಯ ತೇವ ಹಿಡಿಯುವ ಪುಟ್ಟ ಬಿಲ್ಲೆ. ಇನ್ನೊಂದು ಬದಲಾವಣೆಯನ್ನೂ ಮಾಡಿದಳು. ಒಲೆ ಇನ್ನು ಮುಂಚಿನ ಹಾಗೆ ಏಕಾಏಕಿ ಆರುವುದಿಲ್ಲ. ಮೊದಲು ದೀಪ ಕೊಂಚ ಮಂಕಾಗುತ್ತದೆ, ಇದ್ದೀರಾ ಎಂದು ವಿಚಾರಿಸಿದ ಹಾಗೆ. ಒಂದು ಸೌಟು ನೀರು ಬಿದ್ದರೆ, ಇದ್ದೇವೆ ಎಂದು ಅರ್ಥ. ಯಾರೂ ಬಾಯಿ ತೆರೆಯಬೇಕಿಲ್ಲ, ಕೈ ಬೀಸಬೇಕಿಲ್ಲ. ಮೊದಲ ಶನಿವಾರ ದೀಪ ಮಂಕಾದಾಗ ರೈಲಿ ಬಾಗಿಲಾಚೆ ಉಸಿರು ಬಿಗಿಹಿಡಿದಳು. ಸುಯ್ಯ್ ಎಂದಿತು. ದೀಪ ಬೆಳಗಿತು. ಒಳಗಿನಿಂದ ನಾಲ್ಕು ಮುದುಕರ ನಿಟ್ಟುಸಿರು ಒಟ್ಟಿಗೇ ಬಂದದ್ದಕ್ಕೆ ಕಟ್ಟಡದ ಕಿಟಕಿಗಳೆಲ್ಲ ಅದುರಿದವು. ನಂಬದಿದ್ದರೆ ಬಿಡಿ.

ಬಿಲ್ಲು ಏರಿತು. ಹಳೆಯ ಕಾಲದಷ್ಟಲ್ಲ, ಆದರೆ ಏರಿತು. ವಸಂತದ ಸಭೆಯಲ್ಲಿ ಕೆರ್ಟ್ಟು ಕಾಫಿಯ ಬಟ್ಟಲು ಕೆಳಗಿಟ್ಟು, "ಉಳಿತಾಯ ಅರ್ಧ ಆಗಿದೆ. ಸೈಕಲ್ಲಿಗೆ ಜಾಗ ಇಲ್ಲ. ಸೌನಾ ಯಾಕೆ ಇರಬೇಕು, ಯಾರಾದ್ರೂ ಹೇಳಿ," ಎಂದಳು.

ಮೌನ ಎಷ್ಟು ಉದ್ದವಾಯಿತೆಂದರೆ ಕಾಫಿ ಆರಿತು, ದಾಲ್ಚಿನ್ನಿ ಬನ್ನು ಗಟ್ಟಿಯಾಯಿತು. ರೈಲಿ ತಾನೇ ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ ಉರ್ಪೊ ಎದ್ದು ನಿಂತ.

"ಸೈಕಲ್ಲಿಗೆ ಹಿತ್ತಲಲ್ಲಿ ಕೊಟ್ಟಿಗೆ ತರ ಒಂದು ಮಾಡು ಕಟ್ಟಬೌದು," ಎಂದ.

"ಯಾರು ಕಟ್ತಾರೆ? ಯಾವಾಗ?" ಎಂದಳು ಕೆರ್ಟ್ಟು.

"ನಾವ್ ನಾಲ್ಕು ಜನ ಸೇರಿ ಕಟ್ಟಾಗಿದೆ. ಹಿಮ ಕರಗಿದ ವಾರಾನೇ. ನೀನು ಹಿತ್ತಲ ಕಡೆ ಬರಲ್ಲ, ಅಷ್ಟೆ."

ಎಲ್ಲರೂ ಕಿಟಕಿಗೆ ಮುಗಿಬಿದ್ದರು. ಬರ್ಚ್ ಮರಗಳ ನಡುವೆ ಕೆಂಪು ಬಣ್ಣ ಬಳಿದ ಮಾಡು ನಿಂತಿತ್ತು. ಕೆರ್ಟ್ಟು ಮತ ಕೇಳಲಿಲ್ಲ. ತನ್ನ ಸೈಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಹಿತ್ತಲಿಗೆ ತಳ್ಳಿಕೊಂಡು ಹೋದಳು. ಅದರ ಮುಂದಿನ ಚಕ್ರ ಮುಟ್ಟಿದ್ದೇ ತಡ, ಮಾಡಿನ ಬಾಗಿಲು ತಾನಾಗಿ ಒಳಕ್ಕೆ ತೆರೆದುಕೊಂಡಿತು. ಕೆರ್ಟ್ಟು ಒಳಗೆ ಹೋಗಿ, ಮತ್ತೆ ಹೊರಗೆ ಬಂದು, ಇನ್ನೊಂದು ಸಲ ಹೋದಳು.

"ಸೌನಾ ಇರ್ಲಿ," ಎಂದಳು ಅಲ್ಲಿಂದಲೇ. "ಸರದಿ ಪಟ್ಟಿ ಹಾಗೇ ಇರ್ಲಿ. ಆದ್ರೆ ಈ ಬಾಗ್ಲಿನ ತರಹಾನೇ ನಮ್ಮನೆ ಬಾಗ್ಲೂ ಆಗ್ಬೇಕು, ಹೇಳಿದೀನಿ."

ರೈಲಿ ಬಾಗಿಲ ಕೀಲು ನೋಡಲು ಆಗಲೇ ನೆಲದ ಮೇಲೆ ಮಂಡಿಯೂರಿದ್ದಳು.