ಲಾಬಾಸ್‌ಗೆ ಎಷ್ಟು ಅಂಕ?

“ಸೊನ್ನೆ ಅಂದ್ರೆ ತೀರಾ ಕೆಟ್ಟದ್ದು, ನೂರು ಅಂದ್ರೆ ತೀರಾ ಒಳ್ಳೇದು. ಇವತ್ತು ನಿಮ್ಮ ಆರೋಗ್ಯಕ್ಕೆ ಎಷ್ಟು ಕೊಡ್ತೀರಾ ದೊಡ್ಡಪ್ಪ?”

“ಲಾಬಾಸ್,” ಎಂದ ಸಾದೊಕ್.

ಏನೂ ತೊಂದರೆಯಿಲ್ಲ ಎನ್ನುವುದಕ್ಕೆ ಬಿಜೆರ್ತ್ ಎಂಬ ಬಂದರು ಊರಿನಲ್ಲಿರುವ ಮಾತು ಅದು. ಜ್ವರ ಬಂದು ಮಲಗಿದವನೂ ಅದನ್ನೇ ಹೇಳುತ್ತಾನೆ, ಮಗಳ ಮದುವೆ ಮುರಿದುಬಿದ್ದವನೂ ಅದನ್ನೇ ಹೇಳುತ್ತಾನೆ. ಕಷ್ಟ ಹೇಳಿಕೊಂಡರೆ ನಾಚಿಕೆಗೇಡು, ಸುಖ ಹೇಳಿಕೊಂಡರೆ ದೃಷ್ಟಿ. ನಡುವೆ ಕಾಲೂರಲು ಇರುವುದು ಆ ಒಂದು ಮಾತು.

ಪ್ರಶ್ನೆ ಕೇಳಿದ ಹುಡುಗಿ ಇನೆಸ್, ಆಸ್ಪತ್ರೆಯ ಕಡೆಯಿಂದ ಬಂದವಳು. ಬಾಗಿಲು ತೆರೆದ ಗಳಿಗೆಯಿಂದಲೂ ಸಾದೊಕ್‌ನ ಹೆಂಡತಿ ಬೇಯಾ ಅವಳ ಮೇಲೆ ಒಂದು ಕಣ್ಣಿಟ್ಟಿದ್ದಳು. ಕೂತ ಕೂಡಲೇ ಹುಡುಗಿ ನೋಡಿದ್ದು ಗೋಡೆಯ ಪಕ್ಕದ ತೂಕದ ಯಂತ್ರವನ್ನು, ಆಮೇಲೆ ಕಪಾಟಿನ ಮೇಲಿದ್ದ ಬಿಳಿ ಪೆಟ್ಟಿಗೆಯನ್ನು. ಸಾಮಾನು ಹೊತ್ತೊಯ್ಯಲು ಬಂದವರು ಹೀಗೆಯೇ ಮೊದಲು ಕಣ್ಣಲ್ಲಿ ಎತ್ತಿ ನೋಡುತ್ತಾರೆ.

ಸಾದೊಕ್‌ನ ಹೃದಯ ಸೋತಿತ್ತು. ಬಂದರಿನಲ್ಲಿ ಹಡಗಿನ ಹಗ್ಗ ಎಳೆದ ಮೈ ಅದು. ಕಾಲಿಗೆಲ್ಲ ನೀರು ತುಂಬಿ, ಮಲಗಿದರೆ ಉಸಿರು ಕಟ್ಟುತ್ತಿತ್ತು, ಆಗಾಗ ಆಂಬುಲೆನ್ಸ್ ಬರುತ್ತಿತ್ತು. ಹೋದ ವರ್ಷ ಆಸ್ಪತ್ರೆಯವರು ಈ ಯಂತ್ರ ಕೊಟ್ಟರು. ಬೆಳಿಗ್ಗೆ ಎದ್ದು ಅದರ ಮೇಲೆ ನಿಂತರೆ ಪೆಟ್ಟಿಗೆ ಅವನ ತೂಕವನ್ನು ಆಸ್ಪತ್ರೆಗೆ ಮುಟ್ಟಿಸುತ್ತದೆ. ತೂಕ ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದರ್ಥ. ನರ್ಸ್ ಫೋನ್ ಮಾಡಿ ಮಾತ್ರೆ ಹೆಚ್ಚಿಸುತ್ತಾಳೆ. ಅಂದಿನಿಂದ ಆಂಬುಲೆನ್ಸ್ ಈ ಬೀದಿಗೆ ಬಂದಿಲ್ಲ. ಈಗ ಇದನ್ನು ವಾಪಸ್ ಒಯ್ದರೆ? ಕೆಳಮನೆಯ ವಹೀದಾ ಎಚ್ಚರಿಸಿದ್ದಳು: ಅವಳ ಅಣ್ಣ ಗುಣವಾಗಿದೆ ಎಂದನಂತೆ, ಹಾಗಾದರೆ ಇನ್ನೇಕೆ ಎಂದು ಕಿತ್ತುಕೊಂಡು ಹೋದರಂತೆ.

“ಲಾಬಾಸ್ ಅಂತ ಹಾಕೋಕಾಗಲ್ಲ ದೊಡ್ಡಪ್ಪ. ಅಂಕ ಬೇಕು.”

“ಹಾಗಾದ್ರೆ ತೊಂಬತ್ತು ಹಾಕ್ಕೋ.”

“ಯಂತ್ರ ಬರೋ ಮೊದಲು ಆಸ್ಪತ್ರೇಲಿ ಕೇಳಿದಾಗ್ಲೂ ತೊಂಬತ್ತೇ ಅಂದಿದ್ರಿ.”

“ಆಗ್ಲೂ ಲಾಬಾಸ್ ಇದ್ದೆ.”

ಬೇಯಾ ಕಾಫಿ ತಂದಿಟ್ಟಳು. “ಈ ಅಂಕ ಎಲ್ಲಿಗೆ ಹೋಗುತ್ತಮ್ಮ?”

“ಟ್ಯೂನಿಸ್‌ಗೆ ದೊಡ್ಡಮ್ಮ, ರಾಜಧಾನಿಯ ಕಚೇರಿಗೆ. ಯಂತ್ರಕ್ಕೆ, ನರ್ಸಿಗೆ ಆಗೋ ಖರ್ಚಿಗೆ ತಕ್ಕ ಪ್ರಯೋಜನ ಇದೆಯಾ ಅಂತ ನೋಡ್ತಾರೆ.”

“ಅಂದ್ರೆ, ನನ್ನ ಗಂಡ ಬದುಕಿರೋದು ಗಿಟ್ಟುತ್ತಾ ಅಂತ.”

ಇನೆಸ್ ಲೋಟ ಕೆಳಗಿಟ್ಟಳು. “ಯಂತ್ರ ಗಿಟ್ಟುತ್ತಾ ಅಂತ.”

“ಇವನು ಚೆನ್ನಾಗಿದೀನಿ ಅಂದ್ರೆ ಇನ್ನು ಬೇಡ ಅಂತ ಒಯ್ತೀರಿ. ಚೆನ್ನಾಗಿಲ್ಲ ಅಂದ್ರೆ ಕೆಲಸಕ್ಕೆ ಬರ್ಲಿಲ್ಲ ಅಂತ ಒಯ್ತೀರಿ. ಯಾವುದು ಹೇಳ್ಬೇಕೋ ನೀನೇ ಹೇಳ್ಕೊಡು.”

“ಇದ್ದದ್ದು ಹೇಳಿ. ಈ ಊರಲ್ಲಿ ಯಾರ ಮನೆಗೆ ಹೋದ್ರೂ ಮೊದಲೂ ಲಾಬಾಸ್, ಈಗ್ಲೂ ಲಾಬಾಸ್. ಅಲ್ಲಿ ಕೂತೋರು ಏನಂತಾರೆ? ಇಷ್ಟು ಖರ್ಚು ಮಾಡಿದ್ರೂ ಏನೂ ಬದಲಾಗ್ಲಿಲ್ಲ, ನಿಲ್ಲಿಸಿ ಅಂತಾರೆ.”

ಮಾತು ನೇರವಾಗಿತ್ತು. ನೇರ ಮಾತೆಂದರೆ ಬೇಯಾಗೆ ಇನ್ನಷ್ಟು ಅನುಮಾನ. ಹಳಸಿದ ಮೀನನ್ನು ಮಾರುವವನೂ ಕಣ್ಣಲ್ಲಿ ಕಣ್ಣಿಟ್ಟೇ ಮಾರುತ್ತಾನೆ. ಅವಳು ಬಿಸ್ಕತ್ತಿನ ತಟ್ಟೆಯನ್ನು ಮುಂದೆ ತಳ್ಳಿ, ಸುಮ್ಮನೆ ಮಾತಿಗೆ ಎನ್ನುವ ಹಾಗೆ ಕೇಳಿದಳು, “ನಿಮ್ಮಮ್ಮ ಹೇಗಿದಾರೆ?”

“ಲಾಬಾಸ್, ದೇವರ ದಯೆ.”

“ಓಡಾಡ್ಕೊಂಡಿದಾರಾ?”

“ಎಲ್ಲಿ ಓಡಾಡೋದು, ಸೊಂಟ ಮುರ್ಕೊಂಡು ಹಾಸಿಗೇಲಿ…” ಹುಡುಗಿ ಅಲ್ಲಿಗೇ ನಿಲ್ಲಿಸಿದಳು. ಕಿವಿಯವರೆಗೂ ಕೆಂಪಾದಳು.

ಸಾದೊಕ್ ಗೊಳ್ಳನೆ ನಕ್ಕ. “ನಿಮ್ಮಮ್ಮಂಗೂ ತೊಂಬತ್ತು ಹಾಕ್ಕೋ.”

ಬೇಯಾ ನಗಲಿಲ್ಲ. ಮೋಸ ಮಾಡಲೆಂದು ಬಂದವಳು ಇಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಬೀಳಲಾರಳೇನೋ. ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

“ಬರ್ಕೋ. ಹೋದ ವರ್ಷ ಇವನು ಕೂತ್ಕೊಂಡೇ ನಿದ್ದೆ ಮಾಡ್ತಿದ್ದ. ಚಪ್ಪಲೀಲಿ ಕಾಲು ಹಿಡೀತಿರ್ಲಿಲ್ಲ. ಸ್ನಾನ ನಾನೇ ಮಾಡಿಸ್ತಿದ್ದೆ.”

“ಬೇಯಾ.”

“ಸುಮ್ನಿರು ಮಾರಾಯ. ನಿನ್ನ ಮರ್ಯಾದೆ ಉಳಿಸೋಕೆ ಹೋದ್ರೆ ನೀನೇ ಉಳಿಯಲ್ಲ.”

ಸಾದೊಕ್ ಮುಖ ತಿರುಗಿಸಿಕೊಂಡ. ಹೊರಗೆ ಕಾಲುವೆಯಲ್ಲಿ ಹಡಗೊಂದು ಕೂಗಿತು.

“ಆಗ ಇಪ್ಪತ್ತು,” ಎಂದ, ಹುಡುಗಿಗಲ್ಲ, ಬಾಲ್ಕನಿಗೆ ಹೇಳುವಂತೆ.

“ಈಗ?”

“ಎಪ್ಪತ್ತು.”

“ಅರವತ್ತು,” ಎಂದಳು ಬೇಯಾ. “ಮೆಟ್ಟಿಲ ಮೇಲೆ ಎರಡು ಸಲ ನಿಲ್ತೀಯ.”

“ಒಂದೇ ಸಲ ಕಣೇ. ಇನ್ನೊಂದು ಸಲ ನಿಲ್ಲಿಸೋದು ವಹೀದಾಳ ಬಾಯಿ.”

“ಅರವತ್ತೈದು ಹಾಕ್ಲಾ?” ಎಂದಳು ಇನೆಸ್.

“ಹಾಕು,” ಎಂದಳು ಬೇಯಾ. “ಪೆಟ್ಟಿಗೆ ಇಲ್ಲೇ ಇರುತ್ತಾ?”

“ಗೊತ್ತಿಲ್ಲ ದೊಡ್ಡಮ್ಮ. ಅದು ನನ್ನ ಕೈಲಿಲ್ಲ.”

ಇರುತ್ತೆ ಎಂದಿದ್ದರೆ ಬೇಯಾ ಅವಳನ್ನು ಖಂಡಿತ ನಂಬುತ್ತಿರಲಿಲ್ಲ.

ಹುಡುಗಿ ಹೋದ ಮೇಲೆ ಬೇಯಾ ಅಡುಗೆಮನೆಯಲ್ಲಿ ಕೆಂಡ ಮಾಡಿ ಸಾಂಬ್ರಾಣಿ ಉದುರಿಸಿದಳು. ಗಂಡನಿಗೆ ಹೊಗೆ ಆಗುವುದಿಲ್ಲ. ಅವನನ್ನು ಬಾಲ್ಕನಿಗೆ ಕಳಿಸಿ ಬಾಗಿಲು ಮುಚ್ಚಿದಳು. ಕಪಾಟಿನ ಮುಂದೆ ನಿಂತು, ದೃಷ್ಟಿ ತೆಗೆಯುವಂತೆ ಬಿಳಿ ಪೆಟ್ಟಿಗೆಯ ಸುತ್ತ ಮೆಲ್ಲಗೆ ಹೊಗೆ ಸುಳಿಸಿದಳು.